ಫೋನಿನಲ್ಲಿ ದಡಿಯ

ನನ್ನ ತಂಗಿಯ ಗಂಡ ನಾಯಿಯಾದ ಮೇಲೆ ನಮ್ಮ ಎರಡೂ ಮನೆಗಳಲ್ಲಿ ಯಾರಿಗೂ ನೆಮ್ಮದಿ ಉಳಿಯಲಿಲ್ಲ. ನಾಯಿಯೆಂದರೆ ಬೀದಿ ನಾಯಿಯಲ್ಲ. ಹಿಮದ ಮೇಲೆ ಬಂಡಿ ಎಳೆಯುವ ಧೀರ ನಾಯಿ. ಹೊರದೇಶದವರು ಬಣ್ಣಬಣ್ಣವಾಗಿ ಬಿಡಿಸಿ ಕಳಿಸಿದ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದಾದ ಸಾಹಸದ ಕಾರ್ಟೂನ್ ಚಿತ್ರದ ನಾಯಕ. ಅದನ್ನು ನಮ್ಮ ಭಾಷೆಗೆ ಡಬ್ ಮಾಡಿಸುವ ಕೆಲಸ ಈ ಮಹಾಶಯನಿಗೆ ಸಿಕ್ಕಿತು. ನಿರ್ದೇಶನ ಅವನದೇ, ಮಾತು ಬರೆದದ್ದು ಅವನೇ, ನಾಯಿಯ ಧ್ವನಿಯೂ ಅವನದೇ. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎನ್ನುತ್ತಾರಲ್ಲ, ಅವನು ಆ ಗಾದೆಯಲ್ಲಿ ಮೊದಲಿನ ತುಂಡನ್ನು ಮಾತ್ರ ಕಲಿತವನು.

ಕಥೆ ಕೇಳಿ. ಬೆಟ್ಟದ ತುದಿಯ ಊರಿನಲ್ಲಿ ಹುಡುಗನೊಬ್ಬನ ತಾಯಿಗೆ ಹೆರಿಗೆ ನೋವು. ಸೂಲಗಿತ್ತಿ ಇರುವುದು ಆಚೆ ಕಣಿವೆಯಲ್ಲಿ. ಹಿಮಗಾಳಿಗೆ ಹೆದರಿ ದೊಡ್ಡ ದೊಡ್ಡ ನಾಯಿಗಳೆಲ್ಲ ಬಾಲ ಮುದುರಿಕೊಂಡು ಕೂತಿವೆ. ಕೆಲಸಕ್ಕೆ ಬಾರದ್ದೆಂದು ಎಲ್ಲರೂ ಕೈಬಿಟ್ಟ ಕುಂಟ ನಾಯಿಯೊಂದು ಒಂಟಿಯಾಗಿ ಬಂಡಿ ಎಳೆದು, ಹುಡುಗನನ್ನೂ ಸೂಲಗಿತ್ತಿಯನ್ನೂ ತಂದಿಳಿಸಿ ಬಾಗಿಲಲ್ಲೇ ಕುಸಿಯುತ್ತದೆ. ಸತ್ತೇ ಹೋಯಿತೆಂದು ಹುಡುಗ ಗೋಳಾಡುತ್ತಾನೆ. ಒಳಗೆ ಕೂಸು ಅಳುತ್ತದೆ, ಹೊರಗೆ ನಾಯಿ ಸೀನಿ ಎದ್ದು ಕೂರುತ್ತದೆ, ಆಮೇಲೆ ಹಾಡು. ಈ ನಾಯಿ ಮನುಷ್ಯರ ಮುಂದೆ ಬರೀ ಬೊಗಳುತ್ತದೆ. ಬೇರೆ ನಾಯಿ ಸಿಕ್ಕರೆ ಸಾಕು, ನಿಂತು ಉಪನ್ಯಾಸ ಕೊಡುತ್ತದೆ. "ಓಡುವುದು ಕಾಲಿನಿಂದಲ್ಲ ಗೆಳೆಯಾ, ಹೃದಯದಿಂದ!" ಕಾಲಿಲ್ಲದೆ ಬರೀ ಹೃದಯದಲ್ಲಿ ಓಡುವ ನಾಯಿಯನ್ನು ನಾನಂತೂ ಕಂಡಿಲ್ಲ. ಹೆರಿಗೆ ನೋವಿನ ಹೆಂಗಸನ್ನು ಕಾಯಿಸಿ ಭಾಷಣ ಬಿಗಿಯುವ ನಾಯಿಗೆ ನಾಲ್ಕು ಬಿಗಿಯಬೇಕು ಎಂದೆ. "ಅಕ್ಕ, ನಿಮಗೆ ಕಲೆ ಅರ್ಥ ಆಗಲ್ಲ ಬಿಡಿ," ಎಂದ ಮಹಾಶಯ.

ಆ ಸೂಲಗಿತ್ತಿಯ ಧ್ವನಿ ನನ್ನದು. ಡಬ್ಬಿಂಗಿನಲ್ಲಿ ನನ್ನ ಗಂಟಲಿಗೆ ಸಿಗುವುದು ಅತ್ತೆ, ಮಾಟಗಾತಿ, ಬಾಡಿಗೆ ಕೇಳಲು ಬರುವ ಮನೆಯೊಡತಿ, ಇಷ್ಟೇ. ಯಾರನ್ನಾದರೂ ಬೈಯಬೇಕಾದರೆ ನನ್ನನ್ನು ಕರೆಸುತ್ತಾರೆ. ನನಗೂ ಬೇಸರವಿಲ್ಲ, ಬೈಸಿಕೊಳ್ಳಲು ಯೋಗ್ಯರಾದವರಿಗೆ ಲೋಕದಲ್ಲಿ ಬರವೇ? ನಮ್ಮ ಮನೆಯವರದು ಇನ್ನೊಂದು ದಾರಿ. ಅವರು ನಾಯಿ, ಬೆಕ್ಕು, ಕಾಗೆ, ಕರು. ಮನುಷ್ಯರ ಮಾತಿನಲ್ಲಿ ಅವರು ಒಂದು ವಾಕ್ಯವನ್ನು ನೆಟ್ಟಗೆ ಮುಗಿಸಿದ್ದನ್ನು ನಾನು ಕೇಳಿಲ್ಲ. ಯಾರು ಏನು ಹೇಳಿದರೂ "ಹೂಂ," ಇಲ್ಲವೇ "ಆಯ್ತು." ಮದುವೆಯಾದ ಹೊಸತರಲ್ಲಿ ಇದನ್ನು ಸಾಧು ಸ್ವಭಾವ ಎಂದು ನಂಬಿದ್ದೆ. ಬೆನ್ನುಮೂಳೆ ಇಲ್ಲ ಎನ್ನುವುದು ಆಮೇಲೆ ತಿಳಿಯಿತು. ಈ ಚಿತ್ರದಲ್ಲಿ ನಾಯಿಯ ಉಪನ್ಯಾಸವೆಲ್ಲ ಇವರ ಷಡ್ಡಕನಿಗೆ. ಬೊಗಳುವುದು, ಏದುಸಿರು ಬಿಡುವುದು, ಕುಂಯ್‌ಗುಡುವುದು, ಸೀನುವುದು ಇವರಿಗೆ. ಹೆಸರು ಅವನಿಗೆ, ಕೆಮ್ಮು ಇವರಿಗೆ.

ಹುಡುಗನ ಧ್ವನಿ ಗುಬ್ಬಿಯದು. ಗುಬ್ಬಿ ನನ್ನ ತಂಗಿಯ ಮಗಳು, ಮೂರನೇ ಕ್ಲಾಸು. ಮಹಡಿಯ ಮನೆ ಅವರದು, ಕೆಳಗಿನದು ನಮ್ಮದು. ನಮಗೆ ಮಕ್ಕಳಿಲ್ಲದ್ದರಿಂದ ಅವಳಿಗೆ ಎರಡೂ ಮನೆ. ಈ ಇಡೀ ಕುಟುಂಬದಲ್ಲಿ ನಾನು ಬೈಯದೆ ಬಿಟ್ಟ ಜೀವ ಅದೊಂದೇ.

ಗುಬ್ಬಿಗೂ ಒಂದು ನಾಯಿಯಿತ್ತು, ದಡಿಯ. ಅವನು ಧೀರನಲ್ಲ. ಮಿಕ್ಸಿಯ ಶಬ್ದಕ್ಕೆ ಮಂಚದ ಕೆಳಗೆ ನುಗ್ಗುತ್ತಿದ್ದ, ಹೊಟ್ಟೆ ಸಿಕ್ಕಿಕೊಂಡು ಅಲ್ಲೇ ಅರಚುತ್ತಿದ್ದ, ಆಮೇಲೆ ನಾವೆಲ್ಲ ಸೇರಿ ಮಂಚ ಎತ್ತಬೇಕಿತ್ತು. ಜೀವಮಾನದಲ್ಲಿ ಅವನು ಎಳೆದದ್ದೆಂದರೆ ಒಣಗಲು ಹಾಕಿದ ಬಟ್ಟೆ. ಗುಬ್ಬಿ ರಜೆಗೆ ಅಪ್ಪನ ಕಡೆಯ ಅಜ್ಜಿಯ ಮನೆಗೆ ಹೋಗಿದ್ದಾಗ ಅವನು ಮೆಟ್ಟಿಲ ಬುಡದಲ್ಲಿ ಮಲಗಿದವನು ಏಳಲಿಲ್ಲ. ವಯಸ್ಸಾಗಿತ್ತು. ಮಹಾಶಯನಿಗೆ ಅವತ್ತು ಮೀಟಿಂಗು. ಮಣ್ಣು ಮಾಡಿ ಬಂದವರು ನಮ್ಮ ಮನೆಯವರು.

ಗುಬ್ಬಿ ಬರುವ ಹಿಂದಿನ ದಿನ ಎಲ್ಲರೂ ನಮ್ಮ ಊಟದ ಮೇಜಿನ ಸುತ್ತ ಕೂತೆವು.

"ಈಗ ಹೇಳಿದ್ರೆ ಅತ್ತು ಅತ್ತು ಗಂಟಲು ಕೂತುಹೋಗುತ್ತೆ," ಎಂದ ಮಹಾಶಯ. "ಡಬ್ಬಿಂಗ್ ಮುಗೀಲಿ. ಆಮೇಲೆ ನಿಧಾನಕ್ಕೆ ಹೇಳೋಣ."

"ಮಗು ದೊಡ್ಡದೋ, ಮಗು ಗಂಟಲು ದೊಡ್ಡದೋ?" ಎಂದೆ.

"ಅಕ್ಕ, ಸ್ವಲ್ಪ ಪ್ರೊಫೆಷನಲ್ ಆಗಿ ಯೋಚನೆ ಮಾಡಿ."

ನನ್ನ ತಂಗಿ ತಲೆಯಾಡಿಸಿದಳು. ಗಂಡ ಹೇಳಿದ್ದಕ್ಕೆಲ್ಲ ಆಡಿಸಿ ಆಡಿಸಿ ಅವಳ ಕತ್ತಿನಲ್ಲಿ ಈಗ ಸ್ಪ್ರಿಂಗೇ ಕೂತಿದೆ. ಪರದೆಯ ಮೇಲೆ ಸತ್ಯ, ತ್ಯಾಗ, ಧೈರ್ಯ ಎಂದು ಗಂಟಲು ಹರಿದುಕೊಳ್ಳುವ ನಾಯಿ ಹೀಗೆ ಮೇಜಿನ ಮೇಲೆ ಮೊಣಕೈ ಊರಿ ಸುಳ್ಳು ಹೆಣೆಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ದಡಿಯನಿಗೆ ತೂಕ ಜಾಸ್ತಿಯಾಗಿದೆ, ಇಳಿಸಲು ನಾಯಿ ಡಾಕ್ಟರರ ತೋಟಕ್ಕೆ ಕಳಿಸಿದ್ದೇವೆ, ಅಲ್ಲಿಗೆ ಮಕ್ಕಳನ್ನು ಬಿಡುವುದಿಲ್ಲ, ಇದು ಕಥೆ. ಮಾರನೆಯ ದಿನ ಗುಬ್ಬಿ ಚೀಲ ಕೆಳಗಿಡುವ ಮುಂಚೆಯೇ ಇದನ್ನು ಅವಳಿಗೆ ಒಪ್ಪಿಸಿದರು. ಅವಳು ಒಂದು ನಿಮಿಷ ಯೋಚಿಸಿ, "ಹಾಗಾದ್ರೆ ಫೋನಲ್ಲಿ ಮಾತಾಡ್ಸಿ," ಎಂದಳು.

ಬೇರೆ ಮನೆಯಾಗಿದ್ದರೆ ಸುಳ್ಳು ಅಲ್ಲಿಗೇ ಸಿಕ್ಕಿಬೀಳುತ್ತಿತ್ತು. ನಾವೋ ಗಂಟಲಿನ ಮೇಲೆ ಅನ್ನ ತಿನ್ನುವ ಮಂದಿ. ನನ್ನ ತಂಗಿ, ಅವಳ ಗಂಡ, ಇಬ್ಬರೂ ಒಟ್ಟಿಗೆ ನಮ್ಮ ಮನೆಯವರ ಮುಖ ನೋಡಿದರು. "ಆಯ್ತು," ಎಂದರು ಇವರು.

ಅವತ್ತಿನಿಂದ ದಿನಾ ಸಂಜೆ ಇವರು ಫೋನ್ ಹಿಡಿದುಕೊಂಡು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುವರು. ಶಬ್ದ ಮೇಲಕ್ಕೆ ಕೇಳದಿರಲೆಂದು ತಲೆ ಮೇಲೆ ದಪ್ಪ ಕಂಬಳಿ. ಮಹಡಿಯಲ್ಲಿ ನನ್ನ ತಂಗಿ ನಂಬರ್ ಒತ್ತಿ ಮಗಳ ಕೈಗೆ ಕೊಡುವಳು. ಮೊದಲು ತೋಟದ ಮಾಲಿಯ ಧ್ವನಿಯಲ್ಲಿ ಇವರೇ "ಹಾಂ, ಕೊಡ್ತೀನಿ ತಾಳಮ್ಮ" ಎನ್ನುವರು, ಆಮೇಲೆ ದಡಿಯನಾಗುವರು. ಅಂಗೈಯನ್ನು ಒದ್ದೆ ನೆಲಕ್ಕೆ ಬಡಿದರೆ ಅದು ಬಾಲ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ. ತಲೆನರೆತ ಗಂಡಸು ಬಚ್ಚಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕುಂಯ್‌ಗುಡುವ ಸಂಸಾರ ಯಾರ ಶತ್ರುವಿಗೂ ಬೇಡ.

ಒಂದು ವಿಷಯ ಮಾತ್ರ ಒಪ್ಪಬೇಕು, ಕೆಲಸ ಚೊಕ್ಕವಾಗಿತ್ತು. ದಡಿಯನ ಸೀನು ಸಾಮಾನ್ಯದ್ದಲ್ಲ. ಎರಡು ಚಿಕ್ಕದು, ಮೂರನೆಯದು ಉದ್ದ, ಕೊನೆಯಲ್ಲಿ ಯಾರೋ ಅವಮಾನ ಮಾಡಿದ ಹಾಗೆ ಒಂದು ಗೊಣಗು. ಅದನ್ನು ಇವರು ಹಾಗೆಯೇ ತಂದಿದ್ದರು. ಇದ್ದದ್ದು ಒಂದೇ ಕೊರತೆ. ಇವರ ಮೂಗಿನ ಮೂಳೆ ಸೊಟ್ಟ. ದೀರ್ಘವಾಗಿ ಉಸಿರೆಳೆದರೆ ಪೀ ಎಂದು ಸಣ್ಣ ಸಿಳ್ಳೆ ಬರುತ್ತದೆ. ಎದುರು ಕೂತವರಿಗೆ ಕೇಳಿಸುವುದಿಲ್ಲ, ಕಿವಿಯ ಪಕ್ಕ ಮಲಗುವ ನನಗೆ ಕೇಳಿಸುತ್ತದೆ, ಮೈಕಿಗೆ ಕೇಳಿಸುತ್ತದೆ. ಫೋನಿನಲ್ಲಿ ಗುಬ್ಬಿಗೂ ಕೇಳಿಸಿತು.

"ಅಮ್ಮಾ, ಸೀನೋ ಮುಂಚೆ ದಡಿಯನ ಮೂಗಲ್ಲಿ ಪೀ ಅನ್ನುತ್ತೆ. ಮುಂಚೆ ಹಾಗೆ ಮಾಡ್ತಿರ್ಲಿಲ್ಲ. ಅವನಿಗೆ ಶೀತ ಆಗಿದೆ, ಡಾಕ್ಟ್ರಿಗೆ ಹೇಳು."

"ಔಷಧಿ ಕೊಟ್ಟಿದಾರಂತೆ ಪುಟ್ಟಾ," ಎಂದಳು ನನ್ನ ತಂಗಿ. ಸತ್ತ ನಾಯಿಗೆ ಶೀತವೂ ಆಯಿತು, ಔಷಧಿಯೂ ಆಯಿತು.

ದಿನ ಹೋದ ಹಾಗೆ ಇವರು ಬಚ್ಚಲಿನಿಂದ ಹೊರಬರುವುದು ತಡವಾಗತೊಡಗಿತು. ಮಕ್ಕಳು ನಾಯಿಯ ಹತ್ತಿರ ಏನೇನು ಹೇಳಿಕೊಳ್ಳುತ್ತಾರೆ ಎಂದು ನಮಗೇನು ಗೊತ್ತು? ಒಂದು ಸಂಜೆ ಕಂಬಳಿ ಮಡಿಸುತ್ತ, "ಅವಳ ಹಲ್ಲು ಅಲ್ಲಾಡ್ತಿದೆಯಂತೆ," ಎಂದರು. ಇನ್ನೊಂದು ಸಂಜೆ ಕಂಬಳಿ ಮಡಿಸದೆ ಕುರ್ಚಿಯಲ್ಲಿ ಕೂತರು. ಏನಂತೆ ಎಂದು ಕೇಳಿದೆ.

"ಅದು ನಾಯಿಗೆ ಹೇಳಿದ್ದು," ಎಂದರು.

ಅಷ್ಟು ಉದ್ದದ ಉತ್ತರ ಇವರಿಂದ ಬಂದು ಬಹಳ ಕಾಲವಾಗಿತ್ತು.

ಕೊನೆಯ ದೃಶ್ಯ ಬಾಕಿ ಉಳಿದ ದಿನ ನಾವೆಲ್ಲರೂ ಸ್ಟುಡಿಯೋದಲ್ಲಿದ್ದೆವು. ಗಾಜಿನ ಆಚೆಯ ಕೋಣೆಯಲ್ಲಿ ಗುಬ್ಬಿ, ಮೈಕಿಗೆ ಎಟುಕಲೆಂದು ಮರದ ಪೆಟ್ಟಿಗೆಯ ಮೇಲೆ ನಿಂತಿದ್ದಳು. ಕಿವಿಗಿಂತ ದೊಡ್ಡ ಹೆಡ್‌ಫೋನು. ಈಚೆ ರೆಕಾರ್ಡಿಸ್ಟು, ಪಕ್ಕದಲ್ಲಿ ಮಹಾಶಯ, ಹಿಂದಿನ ಸೋಫಾದಲ್ಲಿ ನಾನು, ತಂಗಿ, ಮೂಲೆಯಲ್ಲಿ ನಮ್ಮ ಮನೆಯವರು. ಡಬ್ಬಿಂಗಿನಲ್ಲಿ ಒಬ್ಬೊಬ್ಬರೇ ಹೋಗಿ ತಮ್ಮ ತಮ್ಮ ಮಾತು ಹೇಳಿ ಬರುವುದು ಪದ್ಧತಿ. ಕಿವಿಯಲ್ಲಿ ಕೇಳುವುದು ಹೊರದೇಶದ ಮೂಲ ಧ್ವನಿ ಮಾತ್ರ. ಇವರು ನಾಯಿಯ ಕೊನೆಯ ಏದುಸಿರು, ಸೀನು ಎಲ್ಲ ಹಿಂದಿನ ದಿನ ಮುಗಿಸಿದ್ದರು. ಮೂಗಿನ ಸಿಳ್ಳೆಯನ್ನು ಒರೆಸಿ ತೆಗೆಯುವುದು ರೆಕಾರ್ಡಿಸ್ಟನ ಕೆಲಸ. ಅವನು ಇನ್ನೂ ಒರೆಸಿರಲಿಲ್ಲ.

ಹುಡುಗ ಅಳಬೇಕು. ಗುಬ್ಬಿಗೆ ಅಳು ಬರಲೊಲ್ಲದು. ಬಿಕ್ಕಳಿಕೆಯ ಹಾಗೆ ಏನೋ ಬರುತ್ತದೆ, ನಗುವಾಗುತ್ತದೆ.

"ಪರೀಕ್ಷೇಲಿ ಫೇಲ್ ಆದೆ ಅಂದ್ಕೋ!" ಎಂದು ಗಾಜಿನ ಆಚೆಗೆ ಮಾತು ಮುಟ್ಟಿಸುವ ಟಾಕ್‌ಬ್ಯಾಕಿನಲ್ಲಿ ಕೂಗಿದ ಮಹಾಶಯ. ಅದಕ್ಕೂ ಬರಲಿಲ್ಲ. "ದಡಿಯ ಸತ್ತುಹೋದ ಅಂದ್ಕೋ!"

ಗುಬ್ಬಿ ಕಿಲಕಿಲ ನಕ್ಕಳು. "ನಿನ್ನೆ ತಾನೆ ಸೀನ್ದ ಅಪ್ಪಾ ಅವನು. ತೂಕಾನೂ ಇಳಿದಿದೆಯಂತೆ."

ಸೋಫಾದ ಮೂಲೆಯಲ್ಲಿ ಇವರು ತಮ್ಮ ಅಂಗೈ ನೋಡುತ್ತ ಕೂತರು.

ಮಹಾಶಯ ಟಾಕ್‌ಬ್ಯಾಕ್ ಆರಿಸಿ ನಮ್ಮ ಕಡೆ ತಿರುಗಿದ. ಮುಖದಲ್ಲಿ ಏನೋ ಹೊಳೆದ ಕಳೆ. ಅವನಿಗೆ ಏನಾದರೂ ಹೊಳೆದಾಗಲೆಲ್ಲ ಇನ್ನೊಬ್ಬರಿಗೆ ಕತ್ತಲೆ. "ಹೇಳ್ಬಿಡೋಣ," ಎಂದ. "ಮೈಕ್ ಆನ್ ಇರ್ಲಿ. ನಾನೇ ಒಳಗೆ ಹೋಗಿ ನಿಧಾನಕ್ಕೆ ಹೇಳ್ತೀನಿ. ಎಂಥ ಅಳು ಬರುತ್ತೆ ಗೊತ್ತಾ? ಯಾವ ನಟಿಗೂ ಬರಲ್ಲ."

ನಾನು ತಂಗಿಯ ಮುಖ ನೋಡಿದೆ. "ಹೇಗೂ ಒಂದಿನ ಹೇಳ್ಲೇಬೇಕಿತ್ತಲ್ಲ ಅಕ್ಕ," ಎಂದಳು. ಸ್ಪ್ರಿಂಗು.

ಮೈಯೆಲ್ಲ ಉರಿದುಹೋಯಿತು. "ಗಂಟಲು ಕೆಡುತ್ತೆ ಅಂತ ಸಾವನ್ನ ಬಚ್ಚಿಟ್ಟೆ. ಈಗ ಗಂಟಲಿಗೆ ಬೇಕು ಅಂತ ಹೊರಗೆ ತೆಗೀತೀಯಾ? ಅದೇನು ಫ್ರಿಜ್ಜಲ್ಲಿಟ್ಟ ಹಾಲೇನೋ?" ಎಂದೆ. "ಆ ಮಗು ತನ್ನ ನಾಯಿಗೋಸ್ಕರ ಅಳೋದು ಅವಳ ಸ್ವತ್ತು. ಮೈಕಿಟ್ಟು ಹಿಂಡ್ಕೊಳ್ಳೋದಕ್ಕೆ ನೀನ್ಯಾರು?"

"ನಾನು ಅವಳ ಅಪ್ಪ."

"ಅದೇ ನನ್ನ ಸಂಕಟ. ನೋಡು, ನನ್ನ ಸೂಲಗಿತ್ತಿ ಇನ್ನೂ ಅರ್ಧ ಬಾಕಿ ಇದಾಳೆ. ನೀನು ಆ ಬಾಗಿಲು ದಾಟಿದ್ರೆ ನಾನು ಈ ಬಾಗಿಲು ದಾಟ್ತೀನಿ. ಹೆರಿಗೆ ನೀನೇ ಮಾಡಿಸ್ಕೋ."

ಅವನು ನನ್ನನ್ನು ನೋಡಿದ, ಗಡಿಯಾರ ನೋಡಿದ. ಧೀರ ನಾಯಿ ಬಾಲ ಮುದುರಿತು. "ಸರಿ, ಹೇಳಲ್ಲ. ಇಷ್ಟಕ್ಕೆಲ್ಲ ರಂಪ ಯಾಕೆ?" ಎಂದು ರೆಕಾರ್ಡಿಸ್ಟನ ಕಡೆ ತಿರುಗಿದ. "ಅವಳ ಕಿವಿಗೆ ಅವಳ ದೊಡ್ಡಪ್ಪನ ನಾಯಿ ಟ್ರ್ಯಾಕ್ ಹಾಕು. ನಮ್ಮ ನಾಯಿ ನರಳೋದು ಕೇಳಿದ್ರೆ ಮೂಡ್ ಬರಬಹುದು."

ನಾನು ಗೆದ್ದೆನೆಂದು ಸೋಫಾಕ್ಕೆ ಒರಗಿದೆ. ಅಲ್ಲಿ ಕೂತಿದ್ದವರೆಲ್ಲ ಧ್ವನಿಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಒಬ್ಬರಿಗೂ ಮಗುವಿನ ಕಿವಿಯ ನೆನಪಾಗಲಿಲ್ಲ. ನನಗೂ ಆಗಲಿಲ್ಲ.

ಪರದೆಯ ಮೇಲೆ ನಾಯಿ ಬಾಗಿಲಲ್ಲಿ ಬಿತ್ತು. ಏದುಸಿರು ನಿಧಾನವಾಯಿತು, ನಿಂತಿತು. ಹುಡುಗ ಅಳುವ ಜಾಗ ಬಂತು, ಗುಬ್ಬಿ ಅಳಲಿಲ್ಲ. ಆಮೇಲೆ ಕೂಸಿನ ಅಳು, ಆಮೇಲೆ ನಾಯಿಯ ಸೀನು. ಎರಡು ಚಿಕ್ಕದು, ಒಂದು ಉದ್ದ. ಪೆಟ್ಟಿಗೆಯ ಮೇಲೆ ಅವಳ ಕಾಲು ಅಲ್ಲಾಡುವುದು ನಿಂತಿತು.

"ಅಂಕಲ್, ಇನ್ನೊಂದ್ಸಲ ಹಾಕಿ," ಎಂದಳು.

ಇನ್ನೊಂದು ಸಲ ಹಾಕಿದರು. ಅವಳು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಸೀನುವ ಮುಂಚೆ ಪೀ ಎಂದಿತು. ಅವಳು ತಲೆಯೆತ್ತಿ ಗಾಜಿನಿಂದ ಈಚೆ ನೋಡಿದಳು. ಅಪ್ಪನನ್ನಲ್ಲ, ಅಮ್ಮನನ್ನಲ್ಲ, ಸೋಫಾದ ಮೂಲೆಯನ್ನು.

"ದೊಡ್ಡಪ್ಪಾ," ಎಂದಳು. "ದಡಿಯ ಯಾವಾಗ ಸತ್ತ?"

ನನ್ನ ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಹಾಶಯ ರೆಕಾರ್ಡಿಸ್ಟನ ಭುಜ ಚಿವುಟಿ, "ತಗೋ, ತಗೋ, ರೆಕಾರ್ಡಿಂಗ್ ನಿಲ್ಲಿಸ್ಬೇಡ," ಎಂದು ಪಿಸುಗುಟ್ಟಿದ. ನಮ್ಮ ಮನೆಯವರು ಎದ್ದರು. ಯಾರ ಅಪ್ಪಣೆಯನ್ನೂ ಕೇಳದೆ ಮಹಾಶಯನ ಕೈ ಸರಿಸಿ ಟಾಕ್‌ಬ್ಯಾಕಿನ ಗುಂಡಿ ಒತ್ತಿದರು.

"ನೀನು ಅಜ್ಜಿ ಮನೇಲಿದ್ದಾಗ, ಗುಬ್ಬಿ. ಮೆಟ್ಟಿಲ ಹತ್ರ ಮಲಗಿದ್ದ, ಹಾಗೇ ಹೋಗ್ಬಿಟ್ಟ. ನೋವಾಗ್ಲಿಲ್ಲ ಅವನಿಗೆ. ನಾನೇ ಮಣ್ಣು ಮಾಡಿದೆ."

ಗುಬ್ಬಿ ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯಿಂದ ಸರಿಸಿದಳು. "ಫೋನಲ್ಲಿ ಇದ್ದಿದ್ದು ನೀನಾ?"

"ಹೂಂ."

"ಹಲ್ಲಿಂದು ನಿನಗೆ ಹೇಳಿದ್ನಾ ನಾನು?"

"ಹೂಂ."

"ಕ್ಲಾಸಲ್ಲಿ ಚಡ್ಡಿ ಒದ್ದೆ ಮಾಡ್ಕೊಂಡಿದ್ದೂ?"

ಇವರು ಗುಂಡಿಯಿಂದ ಬೆರಳು ತೆಗೆದರು. ತಲೆ ಆಡಿಸಿದರು. ಆ ಮಗು ಲೋಕದಲ್ಲಿ ಯಾರಿಗೂ ಹೇಳದೆ ತನ್ನ ನಾಯಿಗೆ ಹೇಳಿದ ಮಾತು ಈಗ ಸ್ಪೀಕರಿನಲ್ಲಿ ಎಲ್ಲರ ಮುಂದೆ ಬಿದ್ದಿತ್ತು. ರೆಕಾರ್ಡಿಸ್ಟು ಕೂಡ ತಲೆ ತಗ್ಗಿಸಿದ.

ತಗ್ಗಿಸದವನು ಒಬ್ಬನೇ. "ಅದೇ ಭಾವನೆ! ಅದನ್ನ ಹಿಡ್ಕೋ ಮಗಳೇ, ಬಿಡ್ಬೇಡ! ಹಾಗೇ ಅಳು!" ಎಂದು ಗುಂಡಿ ಒತ್ತಿ ಕೂಗಿದ.

ಗುಬ್ಬಿ ಅಪ್ಪನ ಕಡೆ ನೋಡಿದಳು. ಆಮೇಲೆ ಹೆಡ್‌ಫೋನ್ ಸರಿ ಮಾಡಿಕೊಂಡು ಪರದೆಗೆ ಮುಖ ಮಾಡಿ, "ಹಾಕಿ ಅಂಕಲ್," ಎಂದಳು.

ಅತ್ತಳು. ಒಂದೇ ಟೇಕು. ಮಹಾಶಯ ಕಣ್ಣೊರೆಸಿಕೊಂಡು, "ಓಕೆ! ಇದು ಅಳು ಅಂದ್ರೆ!" ಎಂದು ಕುರ್ಚಿಯಿಂದ ಹಾರಿ ಎದ್ದ. ಪರದೆಯ ಹುಡುಗ ತುಟಿ ಮುಚ್ಚಿದ ಕಡೆ ಇವಳು ಉಸಿರು ಎಳೆದುಕೊಂಡಿದ್ದಳು, ತುಟಿ ತೆರೆದ ಕಡೆ ಬಿಟ್ಟಿದ್ದಳು. ಒಂದು ಕೂದಲು ಆಚೆಯಿಲ್ಲ, ಈಚೆಯಿಲ್ಲ. ಕರುಳಿನಿಂದ ಅಳುವವರಿಗೆ ಇನ್ನೊಬ್ಬರ ತುಟಿ ನೋಡಿಕೊಂಡು ಉಸಿರಾಡಲು ಬರುವುದಿಲ್ಲ. ಅದು ಸಂಬಳಕ್ಕೆ ಅಳುವವರ ಅಳು, ನಮ್ಮ ಕಸುಬು. ಇಷ್ಟು ವರ್ಷ ನಿರ್ದೇಶಕನ ಕುರ್ಚಿ ಸವೆಸಿದವನಿಗೆ ಅದು ತಿಳಿಯಲಿಲ್ಲ.

ಅವಳು ಒಣಗಿದ ಕಣ್ಣಿನಲ್ಲಿ ಹೊರಗೆ ಬಂದಳು. ಅಪ್ಪ ಅಪ್ಪಿಕೊಂಡಾಗ ತುಟಿಯ ಒಂದು ಕೊನೆ ಕೆಳಗೆ ಜಾರಿತು, ಕಣ್ಣು ಅರ್ಧ ಮುಚ್ಚಿತು, ಚಪ್ಪಲಿಗೆ ಅಂಟಿದ್ದನ್ನು ನೋಡುವ ಹಾಗೆ ಅವನನ್ನು ನೋಡಿದಳು. ಆ ಮುಖ ನನಗೆ ಗೊತ್ತು. ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ನನ್ನ ಮೂತಿಗೆ ಅದು ಒಪ್ಪುತ್ತದೆ, ಬೇಕಾದಷ್ಟು ಜನರನ್ನು ಕಂಡು ಸಂಪಾದಿಸಿಕೊಂಡದ್ದು. ಮೂರನೇ ಕ್ಲಾಸಿನ ಮಗುವಿನ ಮೇಲೆ ಅದನ್ನು ಕಂಡು ನನಗೆ ಹೆದರಿಕೆಯಾಯಿತು. ಅವಳು ಅದೇ ಮುಖದಲ್ಲಿ ನನ್ನನ್ನೂ ನೋಡಿ ಮುಂದೆ ಹೋದಳು.

ಸಂಜೆ ಮಹಡಿಯಲ್ಲಿ ಮಹಾಶಯ ಯಾರು ಯಾರಿಗೋ ಫೋನ್ ಮಾಡಿ ಒಂದೇ ಟೇಕಿನ ಕಥೆ ಹೇಳುತ್ತಿದ್ದ. ಅವನ ನಗು ನಮ್ಮ ಚಾವಣಿಯಿಂದ ಇಳಿಯುತ್ತಿತ್ತು. ಇವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲು ತಳ್ಳಿಕೊಂಡು ಗುಬ್ಬಿ ಬಂದಳು. ನನ್ನ ಕಡೆ ತಿರುಗಲಿಲ್ಲ, ನೇರವಾಗಿ ಇವರ ಮುಂದೆ ನಿಂತಳು.

"ದಡಿಯನ ಹಾಗೆ ಮಾಡು," ಎಂದಳು.

ಚುಚ್ಚಲು ಬಂದಿದ್ದಾಳೆ ಎಂದುಕೊಂಡೆ. ಧ್ವನಿಯಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ.

"ಒಂದೇ ಸಲ ದೊಡ್ಡಪ್ಪಾ. ಫೋನ್ ಬೇಡ. ಇಲ್ಲೇ ಮಾಡು. ನೀನೇ ಅಂತ ನಂಗೊತ್ತು."

ಈ ಮನುಷ್ಯ ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವರಲ್ಲ. ಈಗ ಆಯ್ತು ಎನ್ನುತ್ತಾರೆ, ಕುರ್ಚಿಯಿಂದ ಇಳಿದು ನೆಲಕ್ಕೆ ಅಂಗೈ ಬಡಿಯುತ್ತಾರೆ, ಇದನ್ನು ನೋಡುವ ಕರ್ಮವೂ ನನ್ನ ಹಣೆಯಲ್ಲಿದೆ ಎಂದು ಕಾದೆ. ಇವರು ಉಸಿರು ಎಳೆದುಕೊಂಡರು. ಬಾಯಿ ತೆರೆದರು. ಮುಚ್ಚಿದರು.

"ಆಗಲ್ಲ ಗುಬ್ಬಿ."

"ಯಾಕೆ?"

"ಅವನಿಲ್ಲ ಪುಟ್ಟಾ. ಸತ್ತುಹೋದ."

ಅವಳು ಮುಷ್ಟಿ ಕಟ್ಟಿ ಇವರ ಮೊಣಕಾಲಿಗೆ ಗುದ್ದಿದಳು. "ಮಾಡು! ಮಾಡು!" ಎಂದು ಮತ್ತೆ ಮತ್ತೆ ಗುದ್ದಿದಳು. ಇವರು ಮೊಣಕಾಲು ಸರಿಸಲಿಲ್ಲ, ಮಾಡಲೂ ಇಲ್ಲ. ಗುದ್ದುತ್ತಿದ್ದ ಕೈ ಅಲ್ಲೇ ಅಂಗಿಯ ತುದಿ ಹಿಡಿದುಕೊಂಡಿತು, ಅಳು ಬಂತು. ಉಸಿರು ಎಲ್ಲೆಲ್ಲೋ ತುಂಡಾಗಿ, ಸಿಂಬಳ ಸುರಿದು, ನಡುವೆ ಕೆಮ್ಮಾಗಿ, ದಡಿಯಾ ಎಂದು ಒಮ್ಮೆ ಕೂಗಿ, ಕೇಳಲು ಆಗದಷ್ಟು ಕೆಟ್ಟದಾಗಿ ಅತ್ತಳು. ಇವರು ಅವಳ ತಲೆ ಮೇಲೆ ಕೈಯಿಟ್ಟುಕೊಂಡು ಕೂತರು.

ಮೇಲೆ ನಗು ನಿಂತಿತು. ಕುರ್ಚಿ ಸರಿದ ಸದ್ದು, ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ನಾನು ಎದ್ದು ಕಿಟಕಿ ಮುಚ್ಚಿದೆ, ಬಾಗಿಲಿಗೆ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. ಕದ ತಟ್ಟಿದ ಸದ್ದಾಯಿತು.

"ಅಕ್ಕ, ಯಾರದು ಅಳೋದು? ಗುಬ್ಬಿನಾ?" ಎಂದ ಮಹಾಶಯ. ಅವನ ಧ್ವನಿಯಲ್ಲಿ ಆಸೆಯಿತ್ತು.

"ನಾನು," ಎಂದೆ. "ಹೋಗು ಮೇಲೆ."

ಅವನ ಕಾಟ ತಪ್ಪಿಸಲು ಬಾಯಿಗೆ ಬಂದ ಸುಳ್ಳು ಎಂದುಕೊಂಡಿದ್ದೆ. ಕದದ ಆಚೆ ಅವನು, "ಅಯ್ಯೋ, ಯಾಕಕ್ಕ, ಏನಾಯ್ತು?" ಎಂದು ಕೇಳುತ್ತಲೇ ಇದ್ದ. ಬೈಯಬೇಕೆಂದು ಬಾಯಿ ತೆರೆದೆ. ಹೊರಬಂದದ್ದು ಅಳು.